ಶಾಲೆ ಬಿಟ್ಟ ಮೇಲೆ: ಬ್ರಿಟನ್ನಿನ ಯೂತ್ ಕ್ಲಬ್ಬುಗಳು

ಹದಿಹರೆಯದ ಹುಡುಗ ಹುಡುಗಿಯರು ಶಾಲೆ ಬಿಟ್ಟ ಮೇಲೆ ತಾವಾಗಿಯೇ ಬಂದು ಸೇರುವ ಜಾಗಕ್ಕೆ ಬ್ರಿಟನ್ನಿನಲ್ಲಿ ಯೂತ್ ಕ್ಲಬ್ ಎನ್ನುತ್ತಾರೆ. ಅಲ್ಲಿನ ಬಹುಪಾಲು ಶಾಲೆಗಳು ಮಧ್ಯಾಹ್ನ ಮೂರು ಮೂರೂವರೆಗೆಲ್ಲ ಬಿಡುತ್ತವೆ. ದುಡಿಯುವ ತಂದೆತಾಯಿ ಮನೆ ಸೇರುವುದು ಸಂಜೆಗೆ. ಡಿಸೆಂಬರಿನಲ್ಲಂತೂ ಲಂಡನ್ನಿನಲ್ಲಿ ನಾಲ್ಕಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಇಕ್ಕಟ್ಟಾದ ಮನೆಗಳ ಮಕ್ಕಳಿಗೆ ಆ ವೇಳೆಯಲ್ಲಿ ಬೀದಿ ಬಿಟ್ಟರೆ ಬೇರೆ ಜಾಗ ಬೇಕು ಎಂಬ ಯೋಚನೆಯೇ ಈ ಕ್ಲಬ್ಬುಗಳ ಮೂಲ.

ಇವು ಹುಟ್ಟಿದ್ದು 19ನೇ ಶತಮಾನದ ಕೈಗಾರಿಕಾ ನಗರಗಳಲ್ಲಿ. 1880ರಲ್ಲಿ ಮಾಡ್ ಸ್ಟಾನ್ಲಿ ಎಂಬ ಮಹಿಳೆ ಲಂಡನ್ನಿನ ಸೋಹೋದಲ್ಲಿ ದುಡಿಯುವ ಹುಡುಗಿಯರಿಗಾಗಿ ಕ್ಲಬ್ ತೆರೆದರು. ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡ್‌ನಲ್ಲಿ 1903ರಲ್ಲಿ ಆರಂಭವಾದ ಲ್ಯಾಡ್ಸ್ ಕ್ಲಬ್ಬಿನ ಕಟ್ಟಡ ಇಂದಿಗೂ ಇದೆ. ಬಾಕ್ಸಿಂಗ್, ಸ್ನೂಕರ್, ವರ್ಷಕ್ಕೊಮ್ಮೆ ಊರಾಚೆ ಶಿಬಿರ ಅಲ್ಲಿನ ರೂಢಿ. ಹೆಸರೇ ಹೇಳುವಂತೆ ಅದು ಗಂಡುಹುಡುಗರ ಕ್ಲಬ್ಬಾಗಿತ್ತು. ಹುಡುಗಿಯರಿಗೂ ಬಾಗಿಲು ತೆರೆದದ್ದು ಬಹಳ ತಡವಾಗಿ.

ಸರ್ಕಾರ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು ಯುವಜನ ಸೇವೆಯ ಕುರಿತ 1960ರ ಆಲ್ಬೆಮಾರ್ಲ್ ವರದಿಯ ನಂತರ. ಕಡ್ಡಾಯ ಸೈನಿಕ ಸೇವೆ ಮುಗಿಯುತ್ತಿದ್ದ ಕಾಲ ಅದು. ಯುವಕರು ಏನಾಗುತ್ತಾರೋ ಎಂಬ ಆತಂಕ ದೇಶದಲ್ಲಿತ್ತು. ವರದಿಯ ಸಲಹೆಯಂತೆ ಹೊಸ ಕಟ್ಟಡಗಳು ಎದ್ದವು, ಕ್ಲಬ್ಬುಗಳಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವ ಯೂತ್ ವರ್ಕರ್‌ಗಳ ತರಬೇತಿಗೆ ಲೆಸ್ಟರಿನಲ್ಲಿ ರಾಷ್ಟ್ರೀಯ ಕಾಲೇಜು ಶುರುವಾಯಿತು.

ಕ್ಲಬ್ಬಿನ ಒಳಗೆ ಅಂಥ ಅದ್ದೂರಿಯೇನೂ ಇರುವುದಿಲ್ಲ. ಒಂದು ಪೂಲ್ ಟೇಬಲ್, ಟೇಬಲ್ ಟೆನಿಸ್, ಹಳೆಯ ಸೋಫಾಗಳು, ಚಿಪ್ಸ್ ಮತ್ತು ತಂಪು ಪಾನೀಯ ಮಾರುವ ಪುಟ್ಟ ಕೌಂಟರ್. ಅನುಕೂಲವಿದ್ದ ಕಡೆ ಹಾಡು ರೆಕಾರ್ಡ್ ಮಾಡುವ ಕೋಣೆ. ಹಾಜರಿಯ ಕಡ್ಡಾಯವಿಲ್ಲ, ಪರೀಕ್ಷೆಯಿಲ್ಲ. ಮನಸ್ಸಿಲ್ಲದಿದ್ದರೆ ಎದ್ದು ಹೋಗಬಹುದು. ಯೂತ್ ವರ್ಕರ್‌ನ ಕೆಲಸಕ್ಕೆ ಆಧಾರ ಈ ಸ್ವಾತಂತ್ರ್ಯವೇ. ಅಧಿಕಾರ ಚಲಾಯಿಸಿ ಯಾರನ್ನೂ ಕೂರಿಸಿಕೊಳ್ಳಲಾಗದ ಕಾರಣ ಅವರು ವಿಶ್ವಾಸ ಗಳಿಸಿಯೇ ಮಾತಾಡಬೇಕು. ಪೂಲ್ ಆಡುತ್ತಲೇ ಮನೆಯ ಜಗಳ, ಶಾಲೆಯ ಕಿರುಕುಳ, ಬೆದರಿಸುವ ಗ್ಯಾಂಗು ಇವೆಲ್ಲ ಮಾತಿಗೆ ಬರುತ್ತವೆ. ಮೇಷ್ಟರಿಗೂ ಅಪ್ಪ ಅಮ್ಮನಿಗೂ ಹೇಳಲಾಗದ್ದನ್ನು ಕೇಳಿಸಿಕೊಳ್ಳಲು ಪರಿಚಯದ ಹಿರಿಯರೊಬ್ಬರು ಸಿಗುತ್ತಾರೆ.

2010ರ ನಂತರ ಸರ್ಕಾರ ಸ್ಥಳೀಯ ಆಡಳಿತಗಳ ಅನುದಾನ ಕಡಿತ ಮಾಡಿದಾಗ ಕತ್ತರಿ ಮೊದಲು ಬಿದ್ದ ಬಾಬ್ತುಗಳಲ್ಲಿ ಯೂತ್ ಕ್ಲಬ್ಬುಗಳ ಖರ್ಚೂ ಒಂದು. ಎಷ್ಟು ಕ್ಲಬ್ ನಡೆಸಲೇಬೇಕೆಂದು ಕಾನೂನು ಹೇಳುವುದಿಲ್ಲ. ಹಾಗಾಗಿ ಮುಚ್ಚುವುದು ಸುಲಭವಾಗಿತ್ತು. 2010ರಿಂದ 2019ರ ನಡುವೆ ಲಂಡನ್ನಿನ ಯೂತ್ ಕ್ಲಬ್ಬುಗಳಲ್ಲಿ ಶೇ. 30ರಷ್ಟು ಮುಚ್ಚಿದವು. ಇದರ ಪರಿಣಾಮವನ್ನು ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಅಳೆದಿದೆ. ಹತ್ತಿರದ ಕ್ಲಬ್ ಕಳೆದುಕೊಂಡ ಮಕ್ಕಳು ಅಪರಾಧಕ್ಕೆ ಇಳಿಯುವ ಸಂಭವ ಶೇ. 14ರಷ್ಟು ಹೆಚ್ಚಿತು. 16ನೇ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಅವರ ಅಂಕಗಳೂ ಇಳಿದವು. ಬಡ ಕುಟುಂಬದ ಮಕ್ಕಳಿಗೆ ಪೆಟ್ಟು ಹೆಚ್ಚು. ಮುಚ್ಚಿ ಉಳಿಸಿದ ಪ್ರತಿ 1 ಪೌಂಡಿಗೆ ಸಮಾಜ ತೆತ್ತ ಬೆಲೆ ಸುಮಾರು 3 ಪೌಂಡ್ ಎಂಬುದು ಆ ಅಧ್ಯಯನದ ಲೆಕ್ಕ.

ಕ್ಲಬ್ಬು ಪಾಠ ಹೇಳುವ ಜಾಗವಲ್ಲದಿದ್ದರೂ ಓದಿಗೆ ಪೆಟ್ಟು ಬಿದ್ದದ್ದು ಗಮನಿಸಬೇಕಾದ ಸಂಗತಿ. ಬೆಚ್ಚಗಿನ ಕೋಣೆ, ಗೆಳೆಯರು, ಗೊತ್ತಿರುವ ದೊಡ್ಡವರು ಒಟ್ಟಿಗೆ ಸಿಗುವ ಜಾಗ ಇಲ್ಲವಾದರೆ ಆ ಹೊತ್ತು ಖಾಲಿ ಉಳಿಯುವುದಿಲ್ಲ, ಬೇರೆಯವರ ಪಾಲಾಗುತ್ತದೆ. ಕಟ್ಟಡ ಮತ್ತೆ ತೆರೆಯುವುದಕ್ಕೆ ಹಣ ಸಾಕು. ಆದರೆ ಕೆಲಸ ಕಳೆದುಕೊಂಡು ಬೇರೆಡೆ ಹೋದ ಯೂತ್ ವರ್ಕರ್‌ಗಳು ಬಡಾವಣೆಯ ಮಕ್ಕಳಲ್ಲಿ ಗಳಿಸಿದ್ದ ವಿಶ್ವಾಸವನ್ನು ಮತ್ತೆ ಕಟ್ಟಲು ವರ್ಷಗಳೇ ಬೇಕು.