ಬಣ್ಣದ ಮುಂದೆ ನಿಂತು

ನವ್ಯಚಿತ್ರಗಳ ಪ್ರದರ್ಶನಕ್ಕೆ ಹೋದ ಗೃಹಸ್ಥರ ಸಂಕಟ ಅವರಿಗೇ ಗೊತ್ತು. ಗೋಡೆಯ ಮೇಲೆ ಆಳೆತ್ತರದ ಪಟ. ಅದರ ತುಂಬ ಕೇವಲ ಬಣ್ಣ. ರಾಧೆಯಿಲ್ಲ, ಕೃಷ್ಣನಿಲ್ಲ, ಹೊಳೆಯಿಲ್ಲ, ಮರವಿಲ್ಲ. ‘ಇದೇನು?’ ಎಂದು ಕೇಳಲು ನಾಚಿಕೆ. ಕೇಳದೆ ಮುಂದೆ ಸಾಗಲು ಮನಸ್ಸೊಪ್ಪದು. ಜೊತೆಯಲ್ಲಿ ಬಂದ ಮಗು ಮಾತ್ರ ನಿರ್ಭಯವಾಗಿ ಕೇಳಿಬಿಡುತ್ತದೆ. ಉತ್ತರಕ್ಕಾಗಿ ತಂದೆ ಬಾಗಿ ಗೋಡೆಯ ಚೀಟಿಯನ್ನು ಓದಿದರೆ, ಅಲ್ಲಿರುವುದು ‘ಶೀರ್ಷಿಕೆಯಿಲ್ಲ’ ಎಂಬ ಒಂದೇ ಮಾತು!

ನೋಡುವವರನ್ನು ಹೀಗೆ ನಿರುತ್ತರರನ್ನಾಗಿಸುವ ಭಾರತೀಯ ಕಲಾವಿದರಲ್ಲಿ ವಾಸುದೇವ ಗಾಯ್ತೊಂಡೆಯವರು ಅಗ್ರಗಣ್ಯರು. 1924ರಲ್ಲಿ ನಾಗಪುರದಲ್ಲಿ ಜನಿಸಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ದೆಹಲಿಯಲ್ಲಿ ನೆಲೆಸಿ, 2001ರಲ್ಲಿ ಕಣ್ಮರೆಯಾದವರು. 2014ರ ಅಕ್ಟೋಬರಿನಿಂದ ಮರುವರ್ಷದ ಫೆಬ್ರವರಿಯವರೆಗೆ ಇವರ ಕೃತಿಗಳ ಪ್ರದರ್ಶನ ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದಲ್ಲಿ ನಡೆಯಿತು. ಅದಕ್ಕೂ ಹಿಂದಿನ ವರ್ಷ ಮುಂಬಯಿಯ ಹರಾಜೊಂದರಲ್ಲಿ ಇವರ ಒಂದು ಪಟ 23 ಕೋಟಿ ರೂಪಾಯಿಗೂ ಮಿಕ್ಕಿ ಮಾರಾಟವಾಗಿತ್ತು. ಬೆಲೆಯ ಸುದ್ದಿ ಕೇಳಿ ಬಂದವರು ಚಿತ್ರದ ಮುಂದೆ ನಿಂತು ಆ ಕೋಟಿಗಳನ್ನೇ ಹುಡುಕುವುದುಂಟು. ಅವು ಕಣ್ಣಿಗೆ ಬೀಳವು.

ಕಣ್ಣಿಗೆ ಬೀಳಬೇಕಾದುದು ಬೇರೆ. ಗಾಯ್ತೊಂಡೆಯವರು ಕುಂಚಕ್ಕಿಂತ ಹೆಚ್ಚಾಗಿ ರೋಲರನ್ನೂ ಬಣ್ಣ ಕಲಸುವ ಚಪ್ಪಟೆ ಅಲಗನ್ನೂ ನೆಚ್ಚಿದವರು. ಒಂದು ಪದರ ಬಣ್ಣ ಹಾಸುವರು; ಅಲ್ಲಲ್ಲಿ ಕೆರೆದು ತೆಗೆಯುವರು; ಅದರ ಮೇಲೆ ಮತ್ತೊಂದು ಪದರ. ಪತ್ರಿಕೆಗಳಿಂದ ಹರಿದ ಕಾಗದದ ತುಣುಕುಗಳ ನೆರವಿನಿಂದ ಆಕೃತಿಗಳನ್ನು ಮೂಡಿಸುವರು. (ಓದಿ ಮುಗಿದ ಪತ್ರಿಕೆಗೆ ಇಂಥ ಸದ್ಗತಿ ಅಪರೂಪ!) ವರ್ಷವೊಂದಕ್ಕೆ ಅವರ ಕೈಯಿಂದ ಹೊರಬರುತ್ತಿದ್ದುದು ಬೆರಳೆಣಿಕೆಯಷ್ಟು ಪಟಗಳು. ‘ಅಮೂರ್ತ’ವೆಂಬ ಹೆಸರನ್ನೂ ಅವರು ಒಪ್ಪಲಿಲ್ಲ, ತಮ್ಮ ಕಲೆ ‘ವಸ್ತುನಿರಪೇಕ್ಷ’ವೆನ್ನುತ್ತಿದ್ದರು. ಹೀಗೆ ನಿಧಾನವಾಗಿ ಬೆಳೆದ ಪಟವನ್ನು ನಡೆಯುತ್ತ ನಡೆಯುತ್ತಲೇ ನೋಡಿ ಮುಗಿಸುವುದು ಅದಕ್ಕೆ ಮಾಡುವ ಅನ್ಯಾಯವೇ ಸರಿ. ಐದು ನಿಮಿಷ ಸುಮ್ಮನೆ ನಿಂತರೆ, ಬರಿಯ ಗೋಡೆಯಂತೆ ತೋರಿದ ಬಣ್ಣದೊಳಗೆ ಆಳ ಕಾಣಿಸಿಕೊಳ್ಳುತ್ತದೆ. ನಸುಕಿನ ಮಂಜಿನ ಹಿಂದಿನಿಂದ ಬರುವಂಥ ಬೆಳಕೊಂದು ಅಡಿಯ ಪದರಗಳಿಂದ ಮೇಲೇರಿ ಬರುತ್ತದೆ. ‘ನಮ್ಮ ಮಗುವೂ ಹೀಗೆ ಬಳಿಯಬಲ್ಲದು’ ಎಂದು ನಕ್ಕವರು ಆ ಹೊತ್ತಿಗೆ ಮಾತು ನಿಲ್ಲಿಸಿರುತ್ತಾರೆ.

ದೊಡ್ಡ ಪಟಗಳ ಮುಂದೆ ಎಲ್ಲರೂ ನಿಲ್ಲುವರು. ಕಾಗದದ ಮೇಲೆ ಅವರು ಮಸಿಯಿಂದ ಬರೆದ ಚಿಕ್ಕ ಚಿತ್ರಗಳನ್ನು ಗಮನಿಸುವವರು ಕಡಿಮೆ. 1984ರಲ್ಲಿ ಸಂಭವಿಸಿದ ಅಪಘಾತದಲ್ಲಿ ಗಾಯ್ತೊಂಡೆಯವರ ಕತ್ತಿಗೆ ಪೆಟ್ಟಾಯಿತು. ದೊಡ್ಡ ಪಟಗಳ ಕೆಲಸ ದೇಹಕ್ಕೆ ಒಗ್ಗದಾಯಿತು. ಕೆಲವು ವರ್ಷಗಳ ತರುವಾಯ ಅವರು ಮತ್ತೆ ಪಟಕ್ಕೆ ಮರಳಿದರು. ನಡುವಣ ಆ ದಿನಗಳ ಸಂಗಾತಿಗಳು ಈ ಕಾಗದಗಳು. ಇವನ್ನು ನೋಡಲು ದೊಡ್ಡವರು ಬಾಗಬೇಕು. ಮಗುವಿಗೆ ಮಾತ್ರ ಸುಮ್ಮನೆ ನಿಂತರೆ ಸಾಕು.