ಲ್ಯಾಪ್‌ಟಾಪ್ ಪದೇ ಪದೇ ಕ್ರ್ಯಾಶ್ ಆದರೆ ಫಾರ್ಮ್ಯಾಟ್ ಮಾಡಿಸಿದರೆ ಸಾಕೇ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಲ್ಲೇ ಆಗಲಿ, ಲ್ಯಾಪ್‌ಟಾಪ್ ಕೆಲಸದ ನಡುವೆ ನಿಂತುಹೋದರೆ ಕೇಳಿಬರುವ ಮಾತು ಒಂದೇ: ‘ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಿ.’ ಇದು ನಿಜವೇ?

ಎಲ್ಲ ಕ್ರ್ಯಾಶ್‌ಗೂ ವೈರಸ್ ಕಾರಣವಲ್ಲ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್‌ಗೆ ತೊಂದರೆಯಾಯಿತು. ಕಾರಣ ವೈರಸ್ ಅಲ್ಲ, ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್.

ಸರಿಪಡಿಸಲಾಗದ ತಪ್ಪು ಕಂಡಾಗ, ಡೇಟಾ ಕೆಡದಿರಲೆಂದು ವಿಂಡೋಸ್ ತಾನೇ ನಿಲ್ಲುತ್ತದೆ. ಹೊಸ ವಿಂಡೋಸ್ 11ರಲ್ಲಿ ಈ ಪರದೆ ಕಪ್ಪು.

ಹಾಗಾದರೆ ಏನು ಮಾಡಬೇಕು?

1. ಮೊದಲು ಫೈಲ್‌ಗಳ ಬ್ಯಾಕಪ್ ತೆಗೆದುಕೊಳ್ಳಿ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ.

2. ಪರದೆಯ ಮೇಲಿನ ಸ್ಟಾಪ್ ಕೋಡ್‌ನ ಫೋಟೋ ತೆಗೆಯಿರಿ.

3. ‘ರಿಲಯಬಿಲಿಟಿ ಮಾನಿಟರ್’ ತೆರೆದು, ಕ್ರ್ಯಾಶ್ ಶುರುವಾದ ದಿನ ಯಾವ ಡ್ರೈವರ್ ಅಥವಾ ಅಪ್‌ಡೇಟ್ ಬಂದಿತ್ತು ನೋಡಿ. ಅನುಮಾನವಿದ್ದರೆ ಅದನ್ನು ತೆಗೆದು ಪರೀಕ್ಷಿಸಿ.

4. ‘ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್’ನಿಂದ ರ‍್ಯಾಮ್ ಪರೀಕ್ಷಿಸಿ.

5. ಕೋಡ್ ಕಾಣಿಸದೆ ತಟ್ಟನೆ ಆಫ್ ಆಗುತ್ತಿದೆಯೇ? ಬಿಸಿ, ಬ್ಯಾಟರಿ, ಚಾರ್ಜರ್ ಗಮನಿಸಿ. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚುತ್ತದೆ. ಫ್ಯಾನಿನ ಧೂಳೂ ಬಿಸಿ ಹೆಚ್ಚಿಸುತ್ತದೆ.

ರ‍್ಯಾಮ್ ಅಥವಾ ಫ್ಯಾನ್ ಕೆಟ್ಟಿದ್ದರೆ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಕ್ರ್ಯಾಶ್ ನಿಲ್ಲದು. ಬ್ಯಾಕಪ್ ಇಲ್ಲದ ಫೋಟೋ, ದಾಖಲೆಗಳ ಜತೆಗೆ ಕಾರಣ ತಿಳಿಸುವ ದಾಖಲೆಯೂ ಅಳಿಸಿಹೋಗುತ್ತದೆ. ಆದ್ದರಿಂದ ಫಾರ್ಮ್ಯಾಟ್ ಕೊನೆಯ ದಾರಿಯಾಗಿರಲಿ ಎನ್ನುತ್ತೇವೆ ನಾವು.