ತಲೆ ಸುತ್ತಿದರೆ ಕುತ್ತಿಗೆಯನ್ನು ದೂರುವ ಮುನ್ನ

ನಮ್ಮ ಸೋದರತ್ತೆಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಮಾಡಿನ ಜಂತಿಗಳೆಲ್ಲ ಗಿರ್ರನೆ ತಿರುಗುತ್ತಿದ್ದವು. ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದರೂ ಅದೇ ಪಾಡು. ಮೂರು ವರ್ಷ ಅವರು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೇ ಇದ್ದರು. ದಿಂಬು ಬಿಟ್ಟರು, ಮದುವೆ ಮುಂಜಿಗಳಿಗೆ ಬರುವುದನ್ನೂ ಬಿಟ್ಟರು. ಕೊನೆಗೆ ಕಿವಿಯ ವೈದ್ಯರೊಬ್ಬರು ಅವರನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ಓರೆ ಮಾಡಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡಿದರು. "ಅಮ್ಮಾ, ಇದು ಕುತ್ತಿಗೆಯದಲ್ಲ, ಕಿವಿಯದು" ಎಂದರು. ಆ ಮೂರು ವರ್ಷ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ತಪ್ಪು ನಂಬಿಕೆಯಿಂದ ಅತ್ತೆಗಾದ ನಷ್ಟ ಅಷ್ಟು ದೊಡ್ಡದು.

"ಕುತ್ತಿಗೆ ಮೂಳೆ ಸವೆದಿದೆ, ಅದಕ್ಕೇ ತಲೆ ಸುತ್ತು"

ನಮ್ಮಲ್ಲಿ ಇದಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಇನ್ನೊಂದಿಲ್ಲ. ಐವತ್ತು ದಾಟಿದವರ ಕುತ್ತಿಗೆಯ ಎಕ್ಸ್‌ರೇ ತೆಗೆದರೆ ಬಹುಪಾಲು ಜನರಲ್ಲಿ ಸವೆತ ಕಾಣುತ್ತದೆ, ತಲೆ ಸುತ್ತು ಇರಲಿ ಇಲ್ಲದಿರಲಿ. ವಯಸ್ಸಾದಂತೆ ಕೂದಲು ನರೆಯುವ ಹಾಗೆ ಅದು. ಕತ್ತು ಆಡಿಸಿದಾಗ ತಲೆ ಸುತ್ತುತ್ತದೆ, ಎಕ್ಸ್‌ರೇಯಲ್ಲಿ ಕತ್ತು ಸವೆದಿದೆ. ಎರಡನ್ನೂ ಗಂಟು ಹಾಕಿದರೆ ರೋಗ ಸಿಕ್ಕಿಬಿಟ್ಟಂತೆ ಅನಿಸುತ್ತದೆ. ಆದರೆ ಕತ್ತು ಆಡಿದಾಗ ತಲೆಯೂ ಆಡುತ್ತದೆ, ತಲೆಯೊಳಗಿನ ಕಿವಿಯೂ ಆಡುತ್ತದೆ.

ಒಳಗಿವಿಯಲ್ಲಿ ತಲೆಯ ತಿರುವನ್ನು ಗುರುತಿಸುವ ಮೂರು ಅರೆವರ್ತುಲ ನಾಳಗಳಿವೆ. ಅವುಗಳ ಪಕ್ಕದ ಪುಟ್ಟ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ, ಎಷ್ಟೋ ಸಲ ಕಾರಣವೇ ತಿಳಿಯದೆ, ಅವುಗಳಲ್ಲಿ ಕೆಲವು ಕಳಚಿ ನಾಳದೊಳಕ್ಕೆ ಬೀಳುತ್ತವೆ. ಆಮೇಲೆ ಮಗ್ಗುಲು ಬದಲಿಸಿದಾಗ ತಲೆ ನಿಂತರೂ ಹರಳು ಜಾರುತ್ತಲೇ ಇರುತ್ತದೆ, ನಾಳದ ದ್ರವ ಅಲುಗುತ್ತದೆ. ತಲೆ ಇನ್ನೂ ತಿರುಗುತ್ತಿದೆ ಎಂದೇ ಮಿದುಳು ತಿಳಿಯುತ್ತದೆ. ಹರಳು ತಂಗಿದ ಮೇಲೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ, ಸುತ್ತು ನಿಲ್ಲುತ್ತದೆ. ವೈದ್ಯರು ಇದನ್ನು ಬಿಪಿಪಿವಿ ಎನ್ನುತ್ತಾರೆ.

ಅತ್ತೆಗೆ ಮಾಡಿದ ಪರೀಕ್ಷೆ ಹೊಸದೇನಲ್ಲ. ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಅದನ್ನು 1952ರಲ್ಲೇ ವಿವರಿಸಿದ್ದರು. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ಅದರ ಚೀಲಕ್ಕೇ ಮರಳಿಸುತ್ತಾರೆ. ಕೆಲವೇ ನಿಮಿಷದ ಕೆಲಸ, ಒಂದೆರಡು ಸಲಕ್ಕೆ ಬಹಳ ಜನ ಗುಣವಾಗುತ್ತಾರೆ. ಕೆಲವರಿಗೆ ಮರುಕಳಿಸುವುದುಂಟು, ಆಗ ಮತ್ತೆ ಮಾಡಿಸಬೇಕು. ಆ ಹರಳನ್ನು ಕರಗಿಸುವ ಮಾತ್ರೆ ಯಾವುದೂ ಇಲ್ಲ.

"ಬಿಪಿ ಲೋ ಆಗಿದೆ, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿ"

ಗ್ಲೂಕೋಸ್ ಬಾಟಲಿಯಿಂದಲೇ ಶುರು ಮಾಡೋಣ. ಶೇ 5ರ ಗ್ಲೂಕೋಸಿನ ಅರ್ಧ ಲೀಟರಿನಲ್ಲಿ ಇರುವುದು 25 ಗ್ರಾಂ ಸಕ್ಕರೆ, ಹೆಚ್ಚೆಂದರೆ ಐದಾರು ಚಮಚ. ವಾಂತಿಯಾಗಿ ನೀರೂ ನಿಲ್ಲದಿದ್ದರೆ ಡ್ರಿಪ್ ಬೇಕೇಬೇಕು. ಬರೀ "ನಿಶ್ಶಕ್ತಿ"ಗೆ ಅದು ಮದ್ದಲ್ಲ.

ಬಿಪಿ ಇಳಿದು ತಲೆ ಹಗುರಾಗುವುದು ನಿಜವಾಗಿಯೂ ಇದೆ. ಎದ್ದು ನಿಂತ ಕೂಡಲೇ ಕಣ್ಣು ಕತ್ತಲಿಡುವುದು ಅದರ ಗುರುತು. ಆದರೆ ಕುರ್ಚಿಯಲ್ಲಿ ಕೂರಿಸಿ ಒಮ್ಮೆ ಅಳೆದರೆ ಅದು ಸಿಗುವುದಿಲ್ಲ. ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಅರ್ಥವಿದೆ. ಇಳಿಯಲು ಕಾರಣ ಹಲವೊಮ್ಮೆ ಮನೆಯ ಔಷಧಿ ಡಬ್ಬಿಯಲ್ಲೇ ಇರುತ್ತದೆ: ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಗಂಡಸರ ಪ್ರಾಸ್ಟೇಟ್ ಮಾತ್ರೆ. ಹೆಂಗಸರಾದರೆ ರಕ್ತಹೀನತೆಯನ್ನೂ ನೋಡಿಸಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ಅದಿದೆ.

"ಪಿತ್ತ ನೆತ್ತಿಗೇರಿದೆ"

ತಲೆ ಸುತ್ತಿ ಹಳದಿ ವಾಂತಿಯಾದರೆ ಈ ಮಾತು ಬರುವುದು ಸಹಜ. ನಡೆಯುವುದು ಮಾತ್ರ ತಿರುಗುಮುರುಗಾಗಿ: ಒಳಗಿವಿ ಕೆರಳಿದ್ದರಿಂದ ವಾಕರಿಕೆ ಬಂದು, ಖಾಲಿ ಹೊಟ್ಟೆಯಿಂದ ಪಿತ್ತರಸ ಹೊರಬೀಳುತ್ತದೆ. ಪಿತ್ತ ಇಳಿಯಲೆಂದು ನಿಂಬೆ ಷರಬತ್ತು ಕುಡಿದ ಹೊತ್ತಿಗೆ ಸುತ್ತು ತಾನಾಗಿ ನಿಂತಿರುತ್ತದೆ.

"ಸ್ಕ್ಯಾನ್ ನಾರ್ಮಲ್, ಎಲ್ಲ ನಿಮ್ಮ ಮನಸ್ಸಿನದು"

ಈ ಮಾತು ಕೇಳಿ ಅಳುತ್ತಾ ಹೊರಬಂದವರನ್ನು ನಾನು ಬಲ್ಲೆ. ಜಾರಿದ ಹರಳು ಎಂಆರ್‌ಐಯಲ್ಲಿ ಕಾಣುವುದಿಲ್ಲ, ಎದ್ದಾಗ ಇಳಿಯುವ ಬಿಪಿಯೂ ಕಾಣುವುದಿಲ್ಲ. ಮೈಗ್ರೇನಿನ ತಲೆ ಸುತ್ತು ಕೂಡ ಕಾಣದು. ಅದು ತಲೆನೋವೇ ಇಲ್ಲದೆ ಬಂದು ಗಂಟೆಗಟ್ಟಲೆ ಕಾಡಬಲ್ಲದು, ಬೆಳಕು ಸದ್ದುಗಳನ್ನು ಸಹಿಸಲಾಗದಂತೆ ಮಾಡಬಲ್ಲದು. ಇನ್ನು ಕೆಲವರಿಗೆ ಮೊದಲ ಕಾಯಿಲೆ ವಾಸಿಯಾದರೂ ಮೂರು ತಿಂಗಳು ಮೀರಿ ನೆಲ ಓಲಾಡುತ್ತದೆ. ನಿಂತಾಗ, ಸಂತೆಯ ಗದ್ದಲದಲ್ಲಿ ಅದು ಹೆಚ್ಚು. ಪಿಪಿಪಿಡಿ ಎಂಬ ಈ ಸ್ಥಿತಿಯನ್ನು ಗುರುತಿಸುವ ಮಾನದಂಡಗಳನ್ನು ತಲೆ ಸುತ್ತಿನ ತಜ್ಞರ ಸಂಘವಾದ ಬರಾನಿ ಸೊಸೈಟಿ 2017ರಲ್ಲಿ ಪ್ರಕಟಿಸಿತು. ಸಮತೋಲನದ ವ್ಯಾಯಾಮ, ಆಪ್ತಸಮಾಲೋಚನೆ, ಕೆಲವು ಔಷಧಿಗಳಿಂದ ಇದು ಸುಧಾರಿಸುತ್ತದೆ. ಇದು ನಾಟಕವಲ್ಲ.

ಸ್ಕ್ಯಾನ್ ಇನ್ನೊಂದು ಕಡೆಯೂ ದಾರಿ ತಪ್ಪಿಸಬಹುದು. ಮಿದುಳಿನ ಹಿಂಭಾಗದ ಲಕ್ವ ಮೊದಲ ಎರಡು ದಿನ ಎಂಆರ್‌ಐಗೂ ಸಿಗದೆ ಹೋಗುವುದುಂಟು, ಸಿಟಿಯಲ್ಲಂತೂ ಇನ್ನೂ ಕಷ್ಟ. ಹಠಾತ್ತಾಗಿ ಶುರುವಾದ ತಲೆ ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ವಾರೆಯಾದರೆ, ಒಂದು ಕೈ ಕಾಲು ಸೋತರೆ, ಆಸರೆ ಇಲ್ಲದೆ ನಿಲ್ಲಲಾಗದಿದ್ದರೆ, ಹಿಂದೆಂದೂ ಕಾಣದಂಥ ತಲೆನೋವು ಬಂದರೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಕಾಲಾವಕಾಶ ನಾಲ್ಕೂವರೆ ಗಂಟೆ.

"ತಲೆ ಸುತ್ತಿನ ಮಾತ್ರೆ ನಿಲ್ಲಿಸಲೇಬಾರದು"

ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್‌ನಂಥ ಮಾತ್ರೆಗಳು ಜೋರಾದ ಸುತ್ತು, ವಾಂತಿಯನ್ನು ಕೆಲವು ದಿನ ತಡೆಯಲು ಒಳ್ಳೆಯವು. ತಿಂಗಳುಗಟ್ಟಲೆ ನುಂಗಿದರೆ ಮಿದುಳು ತಾನೇ ಸಮತೋಲನ ಕಲಿಯುವುದು ತಡವಾಗುತ್ತದೆ. ವಯಸ್ಸಾದವರಲ್ಲಿ ಪಾರ್ಕಿನ್ಸನ್ ರೋಗದಂತೆ ಕೈ ನಡುಗುವುದು, ನಡಿಗೆ ನಿಧಾನವಾಗುವುದೂ ಉಂಟು. ಎಷ್ಟು ದಿನ ಎಂದು ಬರೆದುಕೊಡುವ ವೈದ್ಯರನ್ನು ಮೊದಲೇ ಕೇಳಿ.

"ತಲೆ ಸುತ್ತು ಅಂದರೆ ತಲೆ ಸುತ್ತು, ಹೇಳುವುದೇನಿದೆ?"

ಹೇಳುವುದು ತುಂಬ ಇದೆ. ಬವಳಿ, ಕಣ್ಣು ಕತ್ತಲೆ, ಜೋಲಿ, ತೂರಾಟ ಎಂದು ನಮ್ಮಲ್ಲಿ ಬೇಕಾದಷ್ಟು ಮಾತಿವೆ. ಆದರೆ ಒಬ್ಬರೇ ಇವತ್ತು ಒಂದು, ನಾಳೆ ಇನ್ನೊಂದು ಪದ ಹೇಳುತ್ತಾರೆ. ಅದಕ್ಕಿಂತ ನಂಬಬಹುದಾದದ್ದು ಹೊತ್ತು ಮತ್ತು ನೆಪ: ಸೆಕೆಂಡುಗಳೋ, ಗಂಟೆಗಳೋ, ದಿನಗಳೋ? ಹೊರಳಿದಾಗಲೋ, ಎದ್ದಾಗಲೋ, ಸುಮ್ಮನೆ ಕೂತಾಗಲೋ? ಕಿವಿ ಗುಂಯ್‌ಗುಟ್ಟಿ ಮಂದವಾಗುತ್ತದೆಯೇ? ಪ್ಯಾರಿಸಿನ ಪ್ರಾಸ್ಪರ್ ಮೆನಿಯೇ 1861ರಲ್ಲಿ, ಮಿದುಳಿನ ರೋಗವೆಂದು ಎಲ್ಲರೂ ನಂಬಿದ್ದ ಸುತ್ತು ಒಳಗಿವಿಯಿಂದ ಬರಬಲ್ಲದು ಎಂದು ತೋರಿಸಿದ್ದು, ಕಿವಿಯ ತೊಂದರೆಯೂ ಸುತ್ತೂ ಜೊತೆಜೊತೆಗೆ ಬರುವುದನ್ನು ಗಮನಿಸಿಯೇ.

ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಸುತ್ತು ಬಂದಾಗ ಮನೆಯವರು ಹತ್ತಿರ ಇದ್ದರೆ, ಕಣ್ಣು ಬಿಟ್ಟು ನೇರ ನೋಡಲು ಹೇಳಿ, ಮೊಬೈಲಿನಲ್ಲಿ ಅರ್ಧ ನಿಮಿಷ ಕಣ್ಣುಗುಡ್ಡೆಯ ವಿಡಿಯೊ ತೆಗೆಯಲಿ. ವೈದ್ಯರ ಎದುರು ಕೂತಾಗ ಸುತ್ತು ನಿಂತುಹೋಗಿರುತ್ತದೆ, ಕಣ್ಣು ಅದುರಿದ್ದು ಆ ವಿಡಿಯೊದಲ್ಲಿ ಉಳಿದಿರುತ್ತದೆ.